ನಾಲ್ಕು ಸ್ಕ್ರೂ ಇಲ್ಲದ ರೆಕ್ಕೆ

ಓದುಗರ ಪ್ರಶ್ನೆಗಳಿಗೆ ನಿವೃತ್ತ ವಿಮಾನ ಎಂಜಿನಿಯರ್ ಒಬ್ಬರ ಉತ್ತರ

ಹೋದ ಸಂಚಿಕೆಯಲ್ಲಿ ವಿಮಾನದ ಟೈರುಗಳ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಹಾರುತ್ತಿರುವ ವಿಮಾನದಿಂದ ಏನಾದರೂ ಕಳಚಿ ಬಿದ್ದರೆ ಗತಿ ಏನು? ಮೂವತ್ತಾರು ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದವನು ನಾನು. ಅದರಲ್ಲಿ ಬಹುಪಾಲು ರಾತ್ರಿ ಪಾಳಿ, ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇದಕ್ಕೇ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಹೋದ ತಿಂಗಳು ಬೆಂಗಳೂರಿನಿಂದ ದೆಹಲಿಗೆ ಹೊರಟಿದ್ದೆ. ಕಿಟಕಿಯಿಂದ ನೋಡಿದರೆ ರೆಕ್ಕೆಯ ಮೇಲೆ ಒಂದು ಕಡೆ ಸ್ಕ್ರೂ ಇರಬೇಕಾದ ಜಾಗ ಖಾಲಿ ಕಂಡಿತು. ಇನ್ನೊಂದು ಕಡೆ ಬೆಳ್ಳಿ ಬಣ್ಣದ ಟೇಪು ಅಂಟಿಸಿದ್ದರು. ಹೇಳಿದರೆ ನಗುತ್ತಾರೇನೋ ಅಂತ ಸುಮ್ನೆ ಕೂತೆ. ಇಳಿಯುವವರೆಗೂ ಜೀವ ಕೈಯಲ್ಲಿತ್ತು. ಹೇಳಬೇಕಿತ್ತಾ?
(ಶಾಲಾ ಶಿಕ್ಷಕಿ, ದಾವಣಗೆರೆ)

ಉತ್ತರ: ಹೇಳಬೇಕಿತ್ತು ಮೇಡಂ. ಇನ್ನೊಮ್ಮೆ ಹಾಗೇನಾದರೂ ಕಂಡರೆ ಗಗನಸಖಿಯನ್ನು ಕರೆದು ಹೇಳಿ. ವಿಮಾನ ಇನ್ನೂ ನಿಂತಿರುವಾಗಲೇ ಹೇಳಿದರೆ ಇನ್ನೂ ಒಳ್ಳೆಯದು. ಯಾರೂ ನಗುವುದಿಲ್ಲ. ನಕ್ಕರೂ ನಗಲಿ.

2024ರ ಜನವರಿ 15ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಹೀಗೇ ಆಯಿತು. ವರ್ಜಿನ್ ಅಟ್ಲಾಂಟಿಕ್‌ನ ಏರ್‌ಬಸ್ ಎ330 ವಿಮಾನ ನ್ಯೂಯಾರ್ಕಿಗೆ ಹೊರಡುವುದರಲ್ಲಿತ್ತು. ರೆಕ್ಕೆಯ ಮೇಲಿನ ಒಂದು ಪ್ಯಾನೆಲ್‌ನಲ್ಲಿ ನಾಲ್ಕು ಸ್ಕ್ರೂ ಇಲ್ಲದ್ದು ಪ್ರಯಾಣಿಕರೊಬ್ಬರ ಕಣ್ಣಿಗೆ ಬಿತ್ತು. ಅವರು ಸಿಬ್ಬಂದಿಗೆ ಹೇಳಿದರು. ಎಂಜಿನಿಯರುಗಳು ಬಂದು ನೋಡಿದರು. ಕೊನೆಗೆ ಆ ಪ್ರಯಾಣವೇ ರದ್ದಾಯಿತು. ಆ ಪ್ಯಾನೆಲ್‌ಗೆ ಇದ್ದದ್ದು ಒಟ್ಟು 119 ಸ್ಕ್ರೂ. ನಾಲ್ಕು ಹೋದರೆ ರೆಕ್ಕೆಯ ಗಟ್ಟಿತನಕ್ಕೆ ಏನೂ ಆಗುವುದಿಲ್ಲ ಎಂದು ಏರ್‌ಬಸ್ ಕಡೆಯವರು ಹೇಳಿದರು. ನನ್ನ ಅನುಭವವೂ ಅದೇ. ಆದರೂ ಆ ಪ್ರಯಾಣಿಕರು ಮಾಡಿದ್ದು ನೂರಕ್ಕೆ ನೂರು ಸರಿ. ಆ ನಾಲ್ಕು ಯಾವಾಗ ಹೋದವು, ಯಾಕೆ ಹೋದವು, ಅಕ್ಕಪಕ್ಕದ್ದು ಎಷ್ಟು ಸಡಿಲವಾಗಿವೆ ಅನ್ನುವುದು ಕಿಟಕಿಯಿಂದ ಗೊತ್ತಾಗುವ ವಿಷಯವಲ್ಲ. ಹತ್ತಿರ ಹೋಗಿ, ಕೈಯಲ್ಲಿ ಮುಟ್ಟಿ ನೋಡಬೇಕು. ನಾನಾದರೂ ಅಷ್ಟೇ.

ಇನ್ನು ನಿಮ್ಮ ಭಯದ ಮಾತು. ವಿಮಾನದ ಹೊರಗೆ ಕಾಣುವುದರಲ್ಲಿ ಎಷ್ಟೋ ಭಾಗಗಳು ಭಾರ ಹೊರುವಂಥವಲ್ಲ. ಗಾಳಿ ನುಣ್ಣಗೆ ಜಾರಿ ಹೋಗಲಿ ಎಂದು ಹಾಕಿದ ಹೊದಿಕೆಗಳು, ಒಳಗಿನ ಪೈಪು ವೈರು ನೋಡಲು ಇಟ್ಟ ಮುಚ್ಚಳಗಳು, ಸಂದಿ ಮುಚ್ಚುವ ರಬ್ಬರು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಪೆನ್ಸಿಲ್‌ನಂಥ ಸಣ್ಣ ಕಡ್ಡಿಗಳನ್ನು ನೀವು ನೋಡಿರಬಹುದು. ಹಾರುವಾಗ ಮೈಮೇಲೆ ಸೇರುವ ವಿದ್ಯುತ್ತನ್ನು ಅವು ಗಾಳಿಗೆ ಬಿಡುತ್ತವೆ. ಅವು ಆಗಾಗ ಮುರಿದು ಹೋಗುತ್ತವೆ. ಇಂಥವು ಯಾವುದು ಇಲ್ಲದಿದ್ದರೂ ಹಾರಬಹುದು, ಎಷ್ಟು ಇಲ್ಲದಿದ್ದರೆ ಹಾರಬಹುದು, ಹಾಗೆ ಹಾರಿದರೆ ತೂಕ ಎಷ್ಟು ಕಡಿಮೆ ಮಾಡಬೇಕು ಅನ್ನುವುದಕ್ಕೆಲ್ಲ ಒಂದು ಪಟ್ಟಿ ಇದೆ. ನಾವು ಅದನ್ನು ಸಿಡಿಎಲ್ ಎನ್ನುತ್ತೇವೆ. ವಿಮಾನ ತಯಾರಿಸಿದವರು ಬರೆದು, ಸರ್ಕಾರದ ಸಂಸ್ಥೆ ಒಪ್ಪಿದ ಪಟ್ಟಿ ಅದು. ಅದರಲ್ಲಿ ಇಲ್ಲದ ಭಾಗವೊಂದು ಕಾಣೆಯಾಗಿದ್ದರೆ ವಿಮಾನ ಹೊರಡುವ ಹಾಗಿಲ್ಲ.

ನೀವು ನೋಡಿದ ಬೆಳ್ಳಿ ಟೇಪು ಸ್ಟೇಷನರಿ ಅಂಗಡಿಯ ಟೇಪಲ್ಲ. ಅದನ್ನು ಸ್ಪೀಡ್ ಟೇಪ್ ಎನ್ನುತ್ತೇವೆ. ಅಲ್ಯೂಮಿನಿಯಮ್ ಹಾಳೆಗೆ ಗಟ್ಟಿ ಅಂಟು ಬಳಿದದ್ದು. ಮಳೆ, ಬಿಸಿಲು, ಹಿಮ, ಗಂಟೆಗೆ ಎಂಟುನೂರು ಕಿಲೋಮೀಟರಿನ ಗಾಳಿ ಎಲ್ಲ ತಡೆಯುತ್ತದೆ. ಸಣ್ಣ ಹೊದಿಕೆಯ ಬಿರುಕಿಗೆ, ಬಣ್ಣ ಎದ್ದ ಜಾಗಕ್ಕೆ ತಾತ್ಕಾಲಿಕವಾಗಿ ಹಾಕುತ್ತಾರೆ. ಬೋಯಿಂಗ್ 787ರ ರೆಕ್ಕೆಯ ಮೇಲೆ ಬಿಸಿಲಿಗೆ ಬಣ್ಣ ಎದ್ದು ಬರುವ ತೊಂದರೆ ಇದೆ. ಅದಕ್ಕೇ ಆ ವಿಮಾನಗಳಲ್ಲಿ ಇಂಥ ಟೇಪು ಜಾಸ್ತಿ ಕಾಣುತ್ತದೆ. ಟೇಪು ಹಾಕಿದ ಮೇಲೆ ಅದನ್ನು ಲಾಗ್ ಬುಕ್ಕಿನಲ್ಲಿ ಬರೆದು, ಸಹಿ ಹಾಕಿ, ಯಾವಾಗ ಸರಿಯಾದ ರಿಪೇರಿ ಮಾಡಬೇಕೆಂದೂ ಬರೆಯಬೇಕು.

ಟೇಪು ಅಂದರೆ ಯಾರೋ ಆ ಜಾಗವನ್ನು ಈಗಾಗಲೇ ನೋಡಿದ್ದಾರೆ. ಖಾಲಿ ಸ್ಕ್ರೂ ತೂತನ್ನು ಯಾರಾದರೂ ನೋಡಿದ್ದಾರೋ ಇಲ್ಲವೋ ಹೇಳಲಾಗದು. ಅದಕ್ಕೇ ಟೇಪು ಕಂಡರೆ ನೀವು ಧೈರ್ಯವಾಗಿರಿ ಅನ್ನುತ್ತೇನೆ, ಖಾಲಿ ತೂತು ಕಂಡರೆ ಬಾಯಿ ಬಿಟ್ಟು ಹೇಳಿ ಅನ್ನುತ್ತೇನೆ.

ಪ್ರಶ್ನೆ: ಗೋವಾದಿಂದ ಪುಣೆಗೆ ಹೋಗುವ ವಿಮಾನದಲ್ಲಿ ಕಿಟಕಿಯ ಚೌಕಟ್ಟೇ ಕಳಚಿ ಬಂದ ವಿಡಿಯೋ ನೋಡಿದೆ. ನನ್ನ ಮಗಳು ಗೋವಾಕ್ಕೆ ವಿಮಾನದಲ್ಲೇ ಓಡಾಡುತ್ತಾಳೆ. ಕಿಟಕಿ ಪಕ್ಕ ಕೂರಬೇಡ ಎಂದು ಹೇಳಿದ್ದೇನೆ. ಸರೀನಾ?
(ಗೃಹಿಣಿ, ಬೆಳಗಾವಿ)

ಉತ್ತರ: ಕೂರಲಿ ಅಮ್ಮಾ. ಹೊರಗಿನ ನೋಟ ಕಳೆದುಕೊಳ್ಳುವುದು ಬೇಡ.

ಅದು ನಡೆದದ್ದು 2025ರ ಜುಲೈನಲ್ಲಿ. ಕಳಚಿದ್ದು ಕಿಟಕಿಯ ಒಳಗಡೆಯ ಅಲಂಕಾರದ ಚೌಕಟ್ಟು. ನೋಡಿದವರಿಗೆ ಎದೆ ಧಸಕ್ ಎನ್ನುವುದು ಸಹಜ. ಆದರೆ ಒಳಗಿನ ಗಾಳಿಯ ಒತ್ತಡಕ್ಕೂ ಆ ಚೌಕಟ್ಟಿಗೂ ಸಂಬಂಧವಿಲ್ಲ.

ವಿಮಾನದ ಕಿಟಕಿಗೆ ಸಾಮಾನ್ಯವಾಗಿ ಮೂರು ಪದರ ಇರುತ್ತದೆ. ನಿಮ್ಮ ಬೆರಳಿಗೆ ಸಿಗುವುದು ಒಳಗಿನ ತೆಳು ಪದರ. ಮಕ್ಕಳು ಗೀಚಿದರೆ, ಯಾರಾದರೂ ತಲೆ ಒರಗಿಸಿದರೆ ಅದರ ಹಿಂದಿನ ಗಟ್ಟಿ ಪದರಕ್ಕೆ ಪೆಟ್ಟಾಗದಿರಲಿ ಎಂದು ಹಾಕಿದ್ದು. ಅದರಾಚೆ ಎರಡು ದಪ್ಪ ಪದರಗಳಿವೆ. ಭಾರ ಹೊರುವುದು ಎಲ್ಲಕ್ಕಿಂತ ಹೊರಗಿನದು. ಅದು ಒಡೆದರೆ ನಡುವಿನದು ಆ ಕೆಲಸಕ್ಕೆ ನಿಲ್ಲುತ್ತದೆ. ನಡುವಿನ ಪದರದ ಕೆಳಭಾಗದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಮಗಳಿಗೆ ತೋರಿಸಿ. ಅದು ಒಡಕಲ್ಲ. ಒತ್ತಡವೆಲ್ಲ ಹೊರಗಿನ ಪದರದ ಮೇಲೆ ಬೀಳಲಿ, ಮಂಜು ಕಟ್ಟದಿರಲಿ ಎಂದು ಬೇಕೆಂದೇ ಮಾಡಿದ್ದು. ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿ ಒಂದು ಚದರ ಅಡಿಗೆ ಸುಮಾರು ಅರ್ಧ ಟನ್ ಭಾರದಷ್ಟು ಹೊರಕ್ಕೆ ತಳ್ಳುತ್ತಿರುತ್ತದೆ. ಅಷ್ಟನ್ನೂ ತಡೆಯುವುದು ಆ ಹೊರಗಿನ ಪದರ ಮತ್ತು ಅದನ್ನು ಹಿಡಿದ ಲೋಹದ ಚೌಕಟ್ಟು.

ಆದರೂ ಒಳಗಿನ ಚೌಕಟ್ಟು ಕಳಚಿ ಬಂತಲ್ಲ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಪ್ರಯಾಣಿಕರ ಕೈಗೆ ಸಿಗುವ ಜಾಗವೇ ಸಡಿಲವಾಗಿದ್ದರೆ ಅವರ ನಂಬಿಕೆಯೂ ಸಡಿಲವಾಗುತ್ತದೆ.

ಹೊರಗಿನ ಕಿಟಕಿಯೇ ಹೋದ ಒಂದು ಪ್ರಸಂಗವೂ ಇದೆ. 2023ರ ಅಕ್ಟೋಬರ್ 4ರಂದು ಲಂಡನ್ ಬಳಿಯ ಸ್ಟ್ಯಾನ್‌ಸ್ಟೆಡ್‌ನಿಂದ ಒಂದು ಎ321 ಹೊರಟಿತು. ಒಳಗೆ ಇದ್ದದ್ದು ಬರೀ ಇಪ್ಪತ್ತು ಜನ. ಮೇಲೇರುವಾಗ ಸಿಬ್ಬಂದಿಯಲ್ಲಿ ಒಬ್ಬರು ಹಿಂದಕ್ಕೆ ನಡೆದು ಹೋದರು. ಅಲ್ಲಿ ಕಿವಿಗಡಚಿಕ್ಕುವ ಸದ್ದು. ಕಿಟಕಿಯ ರಬ್ಬರು ಪಟಪಟ ಹೊಡೆದುಕೊಳ್ಳುತ್ತಿತ್ತು. ತಕ್ಷಣ ಪೈಲಟ್‌ಗೆ ಹೇಳಿದರು, ವಿಮಾನ ವಾಪಸ್ ಬಂತು. ಇಳಿದು ನೋಡಿದರೆ ಎರಡು ಕಿಟಕಿಗಳು ಇರಲೇ ಇಲ್ಲ. ಹಿಂದಿನ ದಿನ ಆ ವಿಮಾನದ ಪಕ್ಕದಲ್ಲಿ ಚಿತ್ರೀಕರಣ ನಡೆದಿತ್ತು. ಸೂರ್ಯೋದಯ ತೋರಿಸಲು ದೊಡ್ಡ ದೊಡ್ಡ ದೀಪಗಳನ್ನು ಹತ್ತಿರದಲ್ಲೇ ಗಂಟೆಗಟ್ಟಲೆ ಉರಿಸಿದ್ದರು. ಆ ಬಿಸಿಗೆ ಕಿಟಕಿಗಳು ವಿಕಾರವಾಗಿದ್ದವು. ನೋಡಿ, ಎದ್ದು ಹೋಗಿ ನೋಡಿದ ಒಬ್ಬರು, ಹೇಳಿದ ಒಂದು ಮಾತು. ಅಷ್ಟರಿಂದ ಅದು ಅಲ್ಲಿಗೇ ನಿಂತಿತು.

ಪ್ರಶ್ನೆ: ಅಮೆರಿಕದಲ್ಲಿ ಬಾಗಿಲೇ ಕಿತ್ತು ಹೋಯಿತಂತೆ. ಬಾಗಿಲು ಸಣ್ಣ ಭಾಗವೇ?
(ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಬಾಗಿಲು ಸಣ್ಣದಲ್ಲ. ಆದರೆ ಅದನ್ನು ಹಿಡಿದಿಡಬೇಕಿದ್ದ ನಾಲ್ಕು ಬೋಲ್ಟು ಸಣ್ಣವೇ.

2024ರ ಜನವರಿ 5. ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737-9 ಮ್ಯಾಕ್ಸ್ ಪೋರ್ಟ್‌ಲ್ಯಾಂಡ್‌ನಿಂದ ಹೊರಟಿತ್ತು. ಒಳಗೆ 177 ಜನ. ಕಂಪನಿಯ ಕೈ ಸೇರಿ ಎರಡೂವರೆ ತಿಂಗಳೂ ಆಗಿರದ ಹೊಸ ವಿಮಾನ. ಸುಮಾರು 14,800 ಅಡಿ ಏರಿದಾಗ ಎಡಗಡೆಯ ಒಂದು ಭಾಗ ಹಾರಿಹೋಯಿತು. ಕೆಲವು ಕಂಪನಿಗಳು ಅಲ್ಲಿ ಬಾಗಿಲು ಇಟ್ಟುಕೊಳ್ಳುತ್ತವೆ. ಬೇಡವಾದವರಿಗೆ ಆ ಜಾಗವನ್ನು ಬಾಗಿಲಿನ ಆಕಾರದ ಮುಚ್ಚಳದಿಂದ ಮುಚ್ಚುತ್ತಾರೆ. ಹೋದದ್ದು ಆ ಮುಚ್ಚಳ. ಅದಕ್ಕೆ ಹನ್ನೆರಡು ಕಡೆ ತಡೆ ಇದೆ. ಒಳಗಿನ ಗಾಳಿ ಎಷ್ಟು ತಳ್ಳಿದರೂ ಆ ತಡೆಗಳು ಹಿಡಿಯುತ್ತವೆ. ಆದರೆ ಮುಚ್ಚಳ ಮೇಲಕ್ಕೆ ಜಾರಿದರೆ ತಡೆಗಳಿಂದ ತಪ್ಪಿಸಿಕೊಳ್ಳುತ್ತದೆ. ಹಾಗೆ ಜಾರದಿರಲಿ ಎಂದು ಇದ್ದದ್ದೇ ಆ ನಾಲ್ಕು ಬೋಲ್ಟು.

ಕಾರ್ಖಾನೆಯಲ್ಲಿ ಪಕ್ಕದ ಕೆಲವು ರಿವೆಟ್ ಸರಿ ಮಾಡಲು ಆ ಮುಚ್ಚಳ ತೆಗೆದಿದ್ದರು. ಮತ್ತೆ ಕೂರಿಸಿದಾಗ ನಾಲ್ಕೂ ಬೋಲ್ಟು ಹಾಕಲಿಲ್ಲ. ತನಿಖೆ ಮಾಡಿದವರು ಮುಚ್ಚಳ ತೆಗೆದದ್ದಕ್ಕೆ ದಾಖಲೆ ಕೇಳಿದರೆ ಅಂಥ ಕಾಗದವೇ ಇರಲಿಲ್ಲ. ತೆಗೆದಿದ್ದೇವೆ ಎಂದು ಬರೆದಿದ್ದರೆ, ಹಾಕಿದ್ದನ್ನು ಪರೀಕ್ಷಿಸಲು ಒಬ್ಬರು ಬರುತ್ತಿದ್ದರು. ನನ್ನ ಕಸುಬಿನಲ್ಲಿ ಬೋಲ್ಟು ಮರೆಯುವುದಕ್ಕಿಂತ ದೊಡ್ಡ ತಪ್ಪು ಬಿಚ್ಚಿದ್ದನ್ನು ಬರೆಯದಿರುವುದು.

ಆ ಜಾಗಕ್ಕೆ ಅಂಟಿಕೊಂಡ ಎರಡು ಸೀಟು ಅವತ್ತು ಖಾಲಿ ಇದ್ದವು. ಯಾರೂ ಸಾಯಲಿಲ್ಲ. ಮುಚ್ಚಳ ಒಬ್ಬ ಶಿಕ್ಷಕರ ಮನೆ ಹಿತ್ತಲಲ್ಲಿ ಸಿಕ್ಕಿತು. ಇದನ್ನು ಓದಿದ ಮೇಲಾದರೂ ದಯವಿಟ್ಟು ಒಂದು ಕೆಲಸ ಮಾಡಿ. ಬೆಲ್ಟ್ ದೀಪ ಆರಿದ ಮೇಲೂ ಕೂತಿರುವಾಗ ಬೆಲ್ಟ್ ಹಾಕಿಕೊಂಡೇ ಇರಿ.

ಮಾಮೂಲಿ ಬಾಗಿಲಿನ ಬಗ್ಗೆ ಹೆದರಬೇಡಿ. ಅದು ಒಳಗಿನ ಒತ್ತಡದಿಂದಲೇ ಚೌಕಟ್ಟಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಎತ್ತರದಲ್ಲಿ ಹಾರುವಾಗ ಎಂಥ ಪೈಲ್ವಾನನಿಗೂ ತೆಗೆಯಲು ಆಗದು. ಏರ್‌ಬಸ್ ಎ320ರ ಮುಂಬಾಗಿಲುಗಳನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ವರ್ಷಗಟ್ಟಲೆ ಮಾಡಿ ಕಳಿಸಿದೆ. ಅಂಥ ಬಾಗಿಲನ್ನು ಕಂಡಾಗೆಲ್ಲ ನನಗೆ ಹೆಮ್ಮೆ.

ಪ್ರಶ್ನೆ: ಚಕ್ರವೇ ಬಿದ್ದರೆ ಇಳಿಯುವುದು ಹೇಗೆ?
(ಪಿಯುಸಿ ವಿದ್ಯಾರ್ಥಿ, ಚಿತ್ರದುರ್ಗ)

ಉತ್ತರ: ಉಳಿದ ಚಕ್ರಗಳ ಮೇಲೆ. 2024ರ ಮಾರ್ಚ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯುನೈಟೆಡ್‌ನ ಬೋಯಿಂಗ್ 777 ಮೇಲೇಳುವಾಗ ಒಂದು ಚಕ್ರ ಕಳಚಿ, ನಿಲ್ದಾಣದ ನೌಕರರು ಕಾರು ನಿಲ್ಲಿಸುವ ಜಾಗಕ್ಕೆ ಬಿತ್ತು. ಆ ವಿಮಾನಕ್ಕೆ ಹಿಂದೆ ಎರಡೂ ಕಡೆ ಆರಾರು ಚಕ್ರ. ಒಂದು ಹೋದರೆ ಐದು ಉಳಿಯುತ್ತವೆ. ಲಾಸ್ ಏಂಜಲಿಸ್‌ನಲ್ಲಿ ಕ್ಷೇಮವಾಗಿ ಇಳಿಯಿತು. 2025ರ ಸೆಪ್ಟೆಂಬರ್ 12ರಂದು ಗುಜರಾತಿನ ಕಾಂಡ್ಲಾದಿಂದ ಮುಂಬೈಗೆ ಹೊರಟ ಸಣ್ಣ ವಿಮಾನದ ಒಂದು ಚಕ್ರ ರನ್‌ವೇ ಮೇಲೆ ಸಿಕ್ಕಿತು. ಅದಕ್ಕೆ ಪ್ರತಿ ಕಾಲಿಗೆ ಎರಡೇ ಚಕ್ರ. ಅದೂ ಮುಂಬೈನಲ್ಲಿ ಸುರಕ್ಷಿತವಾಗಿ ಇಳಿಯಿತು. ಒಂದು ಕೆಟ್ಟರೆ ಇನ್ನೊಂದು ಇರಬೇಕು, ಇದು ವಿಮಾನ ಕಟ್ಟುವವರ ಮೊದಲ ಲೆಕ್ಕ.

ಪ್ರಶ್ನೆ: ನಮ್ಮದು ದೇವನಹಳ್ಳಿ ಕಡೆ ದ್ರಾಕ್ಷಿ ತೋಟ. ತಲೆ ಮೇಲೇ ವಿಮಾನ ಇಳಿಯುತ್ತವೆ. ಕೂಲಿಯವರು, ಮೊಮ್ಮಕ್ಕಳು ತೋಟದಲ್ಲೇ ಇರುತ್ತಾರೆ. ಏನಾದರೂ ಬಿದ್ದರೆ?
(ರೈತ, ಬೆಂಗಳೂರು ಗ್ರಾಮಾಂತರ)

ಉತ್ತರ: ಗೌಡ್ರೇ, ನಿಮ್ಮ ಪ್ರಶ್ನೆ ಓದಿ ನನಗೆ ನಾಚಿಕೆಯೇ ಆಯಿತು. ನಾವು ಯಾವಾಗಲೂ ವಿಮಾನದ ಒಳಗೆ ಕೂತವರ ಬಗ್ಗೆಯೇ ಮಾತಾಡುತ್ತೇವೆ. ಕೆಳಗೆ ಇರುವವರ ನೆನಪು ಕಡಿಮೆ.

ಬೀಳುವುದು ತೀರಾ ಅಪರೂಪ. ಆದರೆ ಬಿದ್ದದ್ದುಂಟು. 2017ರ ಸೆಪ್ಟೆಂಬರ್‌ನಲ್ಲಿ ಜಪಾನಿನ ಒಸಾಕಾ ನಗರದ ಮೇಲೆ ಹೋಗುತ್ತಿದ್ದ ಕೆಎಲ್‌ಎಂ ಕಂಪನಿಯ 777ರಿಂದ ನಾಲ್ಕು ಕೆಜಿಗೂ ಹೆಚ್ಚು ತೂಕದ ಒಂದು ಪ್ಯಾನೆಲ್ ಬಿದ್ದು ಓಡುತ್ತಿದ್ದ ಕಾರಿಗೆ ಬಡಿಯಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ. ಅದಾದ ಮೇಲೆ ಜಪಾನ್ ಸರ್ಕಾರ ಭಾಗಗಳು ಬೀಳದಂತೆ ತಡೆಯುವ ನಿಯಮಗಳನ್ನೇ ಮಾಡಿತು. ತಮ್ಮ ನೆಲಕ್ಕೆ ಬರುವ ಬೇರೆ ದೇಶದ ಕಂಪನಿಗಳೂ ಅದನ್ನು ಪಾಲಿಸಬೇಕು. ಟೋಕಿಯೋದ ನರಿಟಾ ನಿಲ್ದಾಣದಲ್ಲಿ ಇನ್ನೊಂದು ಒಳ್ಳೆಯ ಪದ್ಧತಿ ಇದೆ. ದಕ್ಷಿಣದಿಂದ ಇಳಿಯಲು ಬರುವ ವಿಮಾನಗಳು ಸಮುದ್ರದ ಮೇಲಿರುವಾಗಲೇ ಚಕ್ರ ಇಳಿಸಬೇಕು. ಚಕ್ರ ಇಳಿಸುವಾಗ ಬಾಗಿಲು ತೆರೆದು, ವಿಮಾನ ನಡುಗಿ, ಅಂಟಿಕೊಂಡಿದ್ದ ಮಂಜುಗಡ್ಡೆ ಉದುರುವುದುಂಟು. ಅದು ಹೊಲದ ಮೇಲೆ, ಮನೆಯ ಮೇಲೆ ಬೀಳದೆ ನೀರಿಗೆ ಬೀಳಲಿ ಎಂದು. ನಮಗೆ ಬೆಂಗಳೂರಲ್ಲಿ ಸಮುದ್ರ ಇಲ್ಲ. ಆದರೆ ಹೊಲದಲ್ಲಿರುವವರನ್ನು ನೆನೆದು ನಿಯಮ ಮಾಡಿದ ಆ ಮನಸ್ಸು ನಮ್ಮಲ್ಲೂ ಬರಬೇಕು.

ಮಂಜುಗಡ್ಡೆ ಎಂದಾಗ ನೆನಪಾಯಿತು. 2018ರ ಜನವರಿಯಲ್ಲಿ ಗುರುಗ್ರಾಮದ ಬಳಿ ಒಂದು ಹಳ್ಳಿಯ ಹೊಲಕ್ಕೆ ದೊಡ್ಡ ಹಿಮದ ತುಂಡು ಬಿತ್ತು. ಆಕಾಶದಿಂದ ಬಂದ ಅಪರೂಪದ ವಸ್ತು ಎಂದು ಕೆಲವರು ಮನೆಗೆ ಒಯ್ದು ಫ್ರಿಜ್‌ನಲ್ಲಿಟ್ಟರು. ಅದು ವಿಮಾನದ ಶೌಚಾಲಯದಿಂದ ಸೋರಿ ಹೆಪ್ಪುಗಟ್ಟಿದ ನೀರಿರಬಹುದು ಎಂದು ಅಧಿಕಾರಿಗಳು ಶಂಕಿಸಿದರು. ಹಾಗಾಗಿ ತೋಟದಲ್ಲಿ ಅಂಥದ್ದು ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಿ.

ಲೋಹದ ತುಂಡೋ ಪ್ಯಾನೆಲ್ಲೋ ಸಿಕ್ಕರೆ ಬಿದ್ದ ಜಾಗದಲ್ಲೇ ಬಿಡಿ. ಫೋಟೋ ತೆಗೆದುಕೊಳ್ಳಿ, ಗಂಟೆ ಎಷ್ಟು ಎಂದು ಬರೆದಿಡಿ, ಪೊಲೀಸ್ ಠಾಣೆಗೆ ತಿಳಿಸಿ. ಗುಜರಿಗೆ ಮಾತ್ರ ಹಾಕಬೇಡಿ. ಅದರ ಮೇಲೆ ಒಂದು ನಂಬರ್ ಇರುತ್ತದೆ. ಯಾವ ವಿಮಾನದ್ದು, ಎಲ್ಲಿಯದು ಎಂದು ಆ ನಂಬರಿನಿಂದ ಗೊತ್ತಾಗುತ್ತದೆ. ಎಷ್ಟೋ ಸಲ ವಿಮಾನದಲ್ಲಿ ಇದ್ದವರಿಗೆ ಏನೋ ಬಿದ್ದಿದೆ ಎಂದೇ ಗೊತ್ತಿರುವುದಿಲ್ಲ. 2024ರ ಮಾರ್ಚ್ 15ರಂದು ಅಮೆರಿಕದ ಮೆಡ್‌ಫರ್ಡ್‌ನಲ್ಲಿ ಇಳಿದ ಒಂದು 737ರ ಹೊಟ್ಟೆಯ ಕೆಳಗಿನ ಪ್ಯಾನೆಲ್ ಇಲ್ಲದ್ದು ಇಳಿದು ನಿಂತ ಮೇಲೇ ಕಂಡದ್ದು. ನಿಮ್ಮ ಒಂದು ಫೋನಿನಿಂದ ಮುಂದಿನ ಪ್ರಯಾಣ ನಿಲ್ಲಬಹುದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರಿಂಗ್) ಓದುತ್ತಿದ್ದೇನೆ. ಲಾಕ್‌ವೈರ್ ಹಾಕಿಸಿ ಹಾಕಿಸಿ ಬೆರಳೆಲ್ಲ ಗಾಯವಾಗಿದೆ. ಸ್ವಲ್ಪ ಸೊಟ್ಟಗಾದರೂ ಕತ್ತರಿಸಿ ಮತ್ತೆ ಹಾಕು ಎನ್ನುತ್ತಾರೆ. ಅಷ್ಟು ದೊಡ್ಡ ವಿಮಾನಕ್ಕೆ ಒಂದು ವೈರು, ಒಂದು ವಾಷರ್ ಯಾವ ಲೆಕ್ಕ ಸರ್?
(ವಿದ್ಯಾರ್ಥಿ, ಕಲಬುರಗಿ ಜಿಲ್ಲೆ)

ಉತ್ತರ: ತಮ್ಮಾ, ನಿನ್ನ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚು. ಆಮೇಲೆ ಇದನ್ನು ಓದು.

ಊರಲ್ಲಿ ಎತ್ತಿನ ಬಂಡಿಯ ಕಡಾಣಿ ನೋಡಿದ್ದೀಯಲ್ಲ? ಬೆರಳುದ್ದದ ಕಬ್ಬಿಣ. ಅದು ಬಿದ್ದರೆ ಗಾಲಿ ಹೊರಗೆ. ನಮ್ಮ ಸ್ಪ್ಲಿಟ್ ಪಿನ್ ಅದೇ ಕಡಾಣಿ. ವಿಮಾನದಲ್ಲಿ ಎಂಜಿನ್ ನಡುಕ ಒಂದು ಕ್ಷಣವೂ ಬಿಡುವುದಿಲ್ಲ. ನಡುಕಕ್ಕೆ ಯಾವ ನಟ್ಟಾದರೂ ಮೆಲ್ಲಗೆ ಸಡಿಲವಾಗುತ್ತದೆ. ಅದಕ್ಕೇ ಎರಡು ಬೋಲ್ಟಿನ ತಲೆಗೆ ತೂತು ಕೊರೆದು, ತಂತಿ ಪೋಣಿಸಿ ಹೊಸೆಯುತ್ತೇವೆ. ಅದೇ ನಿನ್ನ ಲಾಕ್‌ವೈರ್. ಒಂದು ಬಿಚ್ಚಿಕೊಳ್ಳಲು ತಿರುಗಿದರೆ ತಂತಿ ಇನ್ನೊಂದನ್ನು ಬಿಗಿಯುವ ಕಡೆಗೆ ಎಳೆಯಬೇಕು. ಹೊಸೆದ ದಿಕ್ಕು ತಪ್ಪಿದರೆ ಅದು ಬರೀ ತಂತಿ. ನಿನ್ನ ಮೇಷ್ಟ್ರು ಮತ್ತೆ ಹಾಕು ಎನ್ನುವುದು ಅದಕ್ಕೆ.

ವಾಷರ್ ಯಾವ ಲೆಕ್ಕ ಎಂದು ಕೇಳಿದೆ. 2007ರ ಆಗಸ್ಟ್ 20ರಂದು ತೈಪೆಯಿಂದ ಬಂದ ಚೈನಾ ಏರ್‌ಲೈನ್ಸ್‌ನ 737-800 ಜಪಾನಿನ ಓಕಿನಾವಾದಲ್ಲಿ ಇಳಿಯಿತು. ನಿಲ್ಲುವ ಜಾಗಕ್ಕೆ ಬಂದಿತ್ತು. ಬಲರೆಕ್ಕೆಯಿಂದ ಇಂಧನ ಸೋರಿ ಬೆಂಕಿ ಹತ್ತಿತು. ಒಳಗಿದ್ದ 165 ಜನ ಜಾರುಬಂಡೆಗಳಿಂದ ಇಳಿದು ಓಡಿದರು. ಕೊನೆಯವರು ಇಳಿದ ಸ್ವಲ್ಪ ಹೊತ್ತಿಗೆ ವಿಮಾನ ಸಿಡಿಯಿತು. ಎಲ್ಲರೂ ಬದುಕಿದ್ದು ಪುಣ್ಯ. ಕಾರಣ ಹುಡುಕಿದಾಗ ಸಿಕ್ಕಿದ್ದು ಒಂದು ವಾಷರ್ ಇಲ್ಲದ ಬೋಲ್ಟು. ರೆಕ್ಕೆಯ ಮುಂದಿನ ಅಂಚು ಹಿಂದೆ ಮುಂದೆ ಸರಿಯುತ್ತದಲ್ಲ, ಅದರ ಹಳಿಯ ತುದಿಯಲ್ಲಿ ಆ ಬೋಲ್ಟು ಇತ್ತು. ನಟ್ಟು ತೂತಿಗಿಂತ ಸಣ್ಣದು. ವಾಷರ್ ಇದ್ದರೆ ಮಾತ್ರ ತೂತಿನಲ್ಲಿ ಜಾರದೆ ನಿಲ್ಲುವಂಥದ್ದು. ವಾಷರ್ ಇಲ್ಲದೆ ಬೋಲ್ಟು ಕಳಚಿ ಒಳಗೇ ಬಿತ್ತು. ಇಳಿದ ಮೇಲೆ ರೆಕ್ಕೆಯ ಅಂಚು ಹಿಂದಕ್ಕೆ ಸರಿದಾಗ ಹಳಿ ಆ ಬೋಲ್ಟನ್ನು ಇಂಧನ ಟ್ಯಾಂಕಿನ ಒಳಕ್ಕೆ ಚುಚ್ಚಿತು.

ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ 2000ದ ಜುಲೈ 25ರ ದುರಂತ ನೀನು ಪಾಠದಲ್ಲಿ ಓದಿರಬೇಕು. ಪ್ಯಾರಿಸ್ಸಿನಲ್ಲಿ ಐದು ನಿಮಿಷ ಮೊದಲು ಹೊರಟ ಒಂದು ಡಿಸಿ-10ರ ಎಂಜಿನ್ ಹೊದಿಕೆಯಿಂದ ಸುಮಾರು 43 ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲದ ಟೈಟೇನಿಯಮ್ ಪಟ್ಟಿ ರನ್‌ವೇ ಮೇಲೆ ಬಿದ್ದಿತ್ತು. ಕೆಲವೇ ದಿನ ಮೊದಲು ಆ ಪಟ್ಟಿಯನ್ನು ಬದಲಾಯಿಸಿದ್ದರು. ತಯಾರಕರು ಹೇಳಿದ ರೀತಿಯಲ್ಲಿ ಹಾಕಿರಲಿಲ್ಲ. ಕಾಂಕಾರ್ಡಿನ ಟೈರು ಅದರ ಮೇಲೆ ಹತ್ತಿ ಸಿಡಿಯಿತು, ಟೈರಿನ ತುಂಡು ಇಂಧನ ಟ್ಯಾಂಕಿಗೆ ಬಡಿಯಿತು. ವಿಮಾನದಲ್ಲಿದ್ದ 109 ಜನ, ನೆಲದ ಮೇಲಿದ್ದ ನಾಲ್ವರು ಹೋದರು. ಡಿಸಿ-10 ಆರಾಮವಾಗಿ ಅಮೆರಿಕ ಸೇರಿತ್ತು. ಬಿದ್ದ ಭಾಗ ತನ್ನ ವಿಮಾನಕ್ಕೆ ಸಣ್ಣದು. ಹಿಂದೆ ಬರುವವರಿಗೆ ಹಾಗಲ್ಲ.

ಒಂದು ಮಾತು ನೆನಪಿಡು. ಪಾಳಿ ಬದಲಾಗುವ ಹೊತ್ತು ಬಲು ಕೆಟ್ಟದ್ದು. 1991ರ ಸೆಪ್ಟೆಂಬರ್ 11ರಂದು ಟೆಕ್ಸಾಸ್‌ನ ಈಗಲ್ ಲೇಕ್ ಬಳಿ ಒಂದು ಸಣ್ಣ ವಿಮಾನ ಬಿದ್ದು 14 ಜನ ಸತ್ತರು. ಹಿಂದಿನ ರಾತ್ರಿ ಒಂದು ಪಾಳಿಯವರು ಅದರ ಬಾಲದ ಮುಂದಿನ ಅಂಚಿನ ಮೇಲ್ಸಾಲಿನ 47 ಸ್ಕ್ರೂ ತೆಗೆದಿದ್ದರು. ಮುಂದಿನ ಪಾಳಿಯವರಿಗೆ ಅದು ತಲುಪಲಿಲ್ಲ. ಬೆಳಿಗ್ಗೆ ವಿಮಾನ ಹಾರಿತು. ಬಾಲ ಎತ್ತರದಲ್ಲಿತ್ತು, ಕೆಳಗಿನಿಂದ ನೋಡಿದರೆ ಮೇಲ್ಸಾಲು ಕಾಣುವುದೇ ಇಲ್ಲ. ಆ ಪ್ರಸಂಗ ಓದಿದ ದಿನದಿಂದ ನಾನು ನನ್ನ ಪಾಳಿ ಮುಗಿದಾಗ ಬಾಯಲ್ಲೂ ಹೇಳುತ್ತಿದ್ದೆ, ಕಾಗದದಲ್ಲೂ ಬರೆಯುತ್ತಿದ್ದೆ, ಮುಂದಿನವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸುತ್ತಲೂ ಇದ್ದೆ. ಬಸ್ಸು ತಪ್ಪಿದರೆ ತಪ್ಪಲಿ.

ಪ್ರಶ್ನೆ: ನನ್ನ ಮಗ ಒಂದು ವಿಮಾನ ಕಂಪನಿಯಲ್ಲಿ ಟೆಕ್ನೀಷಿಯನ್. ರಾತ್ರಿ ಪಾಳಿ. ಎರಡು ತಿಂಗಳ ಹಿಂದೆ ಕೆಲಸ ಮುಗಿಸಿ ರೂಮಿಗೆ ಹೋದ ಮೇಲೆ ಎಂಜಿನ್ ಮುಚ್ಚಳದ ಒಂದು ಲಾಚ್ (ಚಿಲಕ) ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂತಂತೆ. ತಾನೇ ಫೋನ್ ಮಾಡಿ ಹೇಳಿದ. ವಿಮಾನ ನಿಲ್ಲಿಸಿ ನೋಡಿದರು. ಹಾಕಿತ್ತು. ವಿಮಾನ ತಡವಾಯಿತು ಎಂದು ಅವನಿಗೆ ನೋಟಿಸ್ ಕೊಟ್ಟು ಮನೆಯಲ್ಲಿ ಕೂರಿಸಿದ್ದಾರೆ. ಊಟ ಮಾಡುತ್ತಿಲ್ಲ. ಇನ್ಮೇಲೆ ಬಾಯಿ ಬಿಡುವುದಿಲ್ಲ ಎನ್ನುತ್ತಾನೆ. ಅವನು ಮಾಡಿದ್ದು ತಪ್ಪೇ?
(ಒಬ್ಬ ತಾಯಿ, ದಕ್ಷಿಣ ಕನ್ನಡ)

ಉತ್ತರ: ತಪ್ಪಲ್ಲ ತಾಯಿ. ನಿಮ್ಮ ಪತ್ರ ಬಂದು ಹತ್ತು ದಿನವಾಯಿತು, ದಿನಾ ಒಮ್ಮೆ ತೆಗೆದು ಓದುತ್ತಿದ್ದೇನೆ.

ನಿಮ್ಮ ಮಗನಿಗೆ ಈ ಪ್ರಸಂಗ ಓದಿ ಹೇಳಿ. 2013ರ ಮೇ 24, ಲಂಡನ್ನಿನ ಹೀಥ್ರೂ. ಬ್ರಿಟಿಷ್ ಏರ್‌ವೇಸ್‌ನ ಎ319 ಓಸ್ಲೋಗೆ ಹೊರಟಿತು, ಒಳಗೆ 80 ಜನ. ನೆಲ ಬಿಡುವಾಗಲೇ ಎರಡೂ ಎಂಜಿನ್ನಿನ ಮುಚ್ಚಳಗಳು ಕಿತ್ತು ಹಾರಿದವು. ಇಂಧನ ಸೋರಿ ಬಲ ಎಂಜಿನ್ನಿಗೆ ಬೆಂಕಿ ಹತ್ತಿತು. ಒಂದೇ ಎಂಜಿನ್ನಿನಲ್ಲಿ ವಾಪಸ್ ಬಂದು ಇಳಿಸಿದರು. ಹಿಂದಿನ ರಾತ್ರಿ ಇಬ್ಬರು ಟೆಕ್ನೀಷಿಯನ್‌ಗಳು ಎಣ್ಣೆ ನೋಡಲು ಮುಚ್ಚಳ ತೆಗೆದಿದ್ದರು. ಸಾಮಾನು ತರಬೇಕೆಂದು ಲಾಚ್ ಹಾಕದೆ ಹೋದರು. ಮರಳಿ ಬಂದದ್ದು ಅಂಥದ್ದೇ ಇನ್ನೊಂದು ವಿಮಾನಕ್ಕೆ. ಅಲ್ಲಿ ಮುಚ್ಚಳ ಹಾಕಿತ್ತು. ಯಾರೋ ಜೊತೆಯವರು ಹಾಕಿರಬೇಕು ಎಂದುಕೊಂಡರು. ಅವರು ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ರಾತ್ರಿ ಕೆಲಸ ಮಾಡಿದವರಿಗೆ ಇದು ಅರ್ಥವಾಗುತ್ತದೆ. ಆ ಲಾಚ್‌ಗಳು ಎಂಜಿನ್ನಿನ ತಳದಲ್ಲಿ, ನೆಲಕ್ಕೆ ಹತ್ತಿರ ಇವೆ. ಮಂಡಿಯೂರಿ ಬಗ್ಗದೆ ಕಾಣುವುದಿಲ್ಲ. ನಮ್ಮಲ್ಲೂ 2022ರ ಫೆಬ್ರುವರಿ 9ರಂದು ಮುಂಬೈನಿಂದ ಭುಜ್‌ಗೆ ಹೊರಟ ಎಟಿಆರ್ ವಿಮಾನದ ಎಂಜಿನ್ ಮುಚ್ಚಳ ರನ್‌ವೇ ಮೇಲೇ ಬಿದ್ದುಹೋಗಿತ್ತು.

ಹೀಥ್ರೂ ಪ್ರಸಂಗದ ಇಬ್ಬರಲ್ಲಿ ಒಬ್ಬರಿಗೆ ಬೆಳಗಿನ ಜಾವ ನಿಮ್ಮ ಮಗನಿಗೆ ಬಂದಂಥ ಅನುಮಾನ ಬಂದು ಫೋನ್ ಮಾಡಿದ್ದರೆ ಆ 80 ಜನ ಬೆಂಕಿಯ ಪಕ್ಕ ಕೂರಬೇಕಿರಲಿಲ್ಲ. ಆಮೇಲೆ ಏನಾಯಿತು ಗೊತ್ತಾ? ಇಂಥದ್ದು ಎಷ್ಟೋ ಸಲ ಆಗಿದ್ದರಿಂದ ಆ ಜಾತಿಯ ವಿಮಾನಗಳ ಲಾಚ್‌ಗೆ ಒಂದು ಬೀಗದ ಕೈ ಇಟ್ಟರು. ಲಾಚ್ ಸರಿಯಾಗಿ ಹಾಕದೆ ಆ ಕೀ ಹೊರಗೆ ಬರುವುದಿಲ್ಲ. ತೆಗೆದ ಕೀಯನ್ನು ಪೈಲಟ್ ಕೂರುವ ಜಾಗದಲ್ಲಿ ತಂದಿಡಬೇಕು. ಮರೆತವರನ್ನು ಬೈದು ಮುಗಿಸಿದ್ದರೆ ಆ ಕೀ ಬರುತ್ತಿತ್ತಾ?

ನನ್ನದೇ ಒಂದು ವಿಷಯ ಹೇಳುತ್ತೇನೆ. 1989ರ ಮಳೆಗಾಲ. ಆರು ಗಂಟೆಗೆ ಹೊರಡುವ ಬಾಂಬೆ ವಿಮಾನದ ಎಂಜಿನ್ ಮುಚ್ಚಳ ತೆಗೆದು ಎಣ್ಣೆ ಸೋರಿಕೆ ನೋಡಿದ್ದೆ. ಎಲ್ಲ ಮುಚ್ಚಿ ಸಹಿ ಹಾಕಿ ಟೀ ಕುಡಿಯಲು ಕೂತೆ. ಸೊಂಟಕ್ಕೆ ಕೈ ಹೋಯಿತು, ಪೆನ್ ಟಾರ್ಚ್ ಇಲ್ಲ. ಎಂಜಿನ್ನಿನ ಒಳಗೇ ಬಿಟ್ಟೆನೋ ಏನೋ. ಪ್ರಯಾಣಿಕರು ಹತ್ತಿಯಾಗಿತ್ತು. ನನಗೆ ಕೆಲಸ ಖಾಯಂ ಆಗಿ ಎರಡು ವರ್ಷ, ಮನೆಯಲ್ಲಿ ಬಾಣಂತಿ. ಎರಡು ನಿಮಿಷ ಸುಮ್ನೆ ಕೂತಿದ್ದೆ. ಆ ಎರಡು ನಿಮಿಷ ಇವತ್ತಿಗೂ ನನಗೆ ಭಾರ. ಆಮೇಲೆ ಓಡಿ ಹೋಗಿ ಪಾಳಿಯ ಮುಖ್ಯಸ್ಥರಿಗೆ ಹೇಳಿದೆ. ಅವರು ಒಂದು ಮಾತೂ ಕೇಳದೆ ವಿಮಾನ ನಿಲ್ಲಿಸಿದರು. ಮುಚ್ಚಳ ತೆಗೆದೆವು. ಮಳೆಯಲ್ಲಿ ನಾಲ್ಕು ಜನ ಮುಕ್ಕಾಲು ಗಂಟೆ ಹುಡುಕಿದೆವು. ಸಿಗಲಿಲ್ಲ. ಇಲ್ಲ ಎಂದು ಖಾತ್ರಿಯಾದ ಮೇಲೆ ವಿಮಾನ ಹೋಯಿತು. ಟಾರ್ಚು ಸಿಕ್ಕಿದ್ದು ಎಂಟು ಗಂಟೆಗೆ, ಗೋಡೆಗೆ ನೇತು ಹಾಕಿದ್ದ ನನ್ನದೇ ರೇನ್‌ಕೋಟಿನ ಜೇಬಿನಲ್ಲಿ.

ಕೈಯಲ್ಲಿ ಹಿಡಿದುಕೊಂಡು ಹೋಗಿ ಅವರ ಮುಂದೆ ನಿಂತೆ. ಅವರು ಅದನ್ನು ತಿರುಗಿಸಿ ನೋಡಿ, "ಹೇಳಿದ್ದು ಒಳ್ಳೇದಾಯ್ತು. ನಾಳೆಯಿಂದ ಇದಕ್ಕೊಂದು ದಾರ ಕಟ್ಕೋ" ಎಂದರು. ಅಷ್ಟೇ. ಆ ತಡಕ್ಕೆ ಮೇಲಿನವರಿಗೆ ಕಾಗದ ಬರೆದವರು ಅವರೇ. ನನ್ನ ಹೆಸರು ಬರೆದು, "ತಾನಾಗಿ ತಿಳಿಸಿದ್ದಾನೆ" ಎಂದೂ ಬರೆದಿದ್ದರು.

ನಿಮ್ಮ ಮಗನಿಗೆ ಅಂಥ ಒಬ್ಬರು ಸಿಗಲಿಲ್ಲ. ಅದು ಅವನ ತಪ್ಪಲ್ಲ. ಆ ನೋಟಿಸ್ ಬರೆದವರು ಇನ್ನೊಮ್ಮೆ ಯೋಚಿಸಲಿ. ಮುಂದೆ ನಿಜವಾಗಿಯೂ ಲಾಚ್ ಮರೆತ ಹುಡುಗ ಇವನಿಗೆ ಆದದ್ದನ್ನು ನೆನೆದು ಫೋನ್ ಮಾಡದೆ ಮಲಗಿಬಿಟ್ಟರೆ? ಅಪಘಾತದ ತನಿಖೆಯ ಗುರಿ ಮುಂದೆ ಹಾಗಾಗದಂತೆ ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ ಎಂದು ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ನಮ್ಮ ದೇಶದ ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯಲ್ಲೂ ತಾವಾಗಿ ಬಂದು ತಿಳಿಸುವವರಿಗೆ ಒಂದು ವ್ಯವಸ್ಥೆ ಇದೆ.

ಈಗ ಮಾಡಬೇಕಾದ್ದು. ಅವತ್ತು ಎಷ್ಟು ಗಂಟೆಗೆ ಪಾಳಿ ಮುಗಿಯಿತು, ಎಷ್ಟು ಗಂಟೆಗೆ ಅನುಮಾನ ಬಂತು, ಯಾರಿಗೆ ಫೋನ್ ಮಾಡಿದ, ಅವರು ಏನೆಂದರು, ಎಲ್ಲವನ್ನೂ ಮಗ ಕೂತು ಬರೆಯಲಿ. ಫೋನಿನಲ್ಲಿ ಆ ಕರೆಯ ದಾಖಲೆ ಇದ್ದರೆ ಅಳಿಸದಿರಲಿ. ನೋಟಿಸಿಗೆ ಉತ್ತರವನ್ನು ಕೋಪದಲ್ಲಿ ಕೊಡಬಾರದು. "ನಾನೇ ತಿಳಿಸಿದೆ, ಮುಂದೆಯೂ ಅನುಮಾನ ಬಂದರೆ ತಿಳಿಸುತ್ತೇನೆ" ಎಂಬ ಸಾಲು ಅದರಲ್ಲಿ ಇರಲೇಬೇಕು. ಕಳಿಸುವ ಮೊದಲು ನನಗೆ ಒಮ್ಮೆ ತೋರಿಸಿದರೆ ನೋಡಿಕೊಡುತ್ತೇನೆ. ಪತ್ರಿಕೆಯವರ ಹತ್ತಿರ ನನ್ನ ನಂಬರ್ ಇದೆ, ಕೇಳಿ ತೆಗೆದುಕೊಳ್ಳಿ. ಇವತ್ತು ರಾತ್ರಿ ಅವನಿಗೆ ಬಿಸಿ ಗಂಜಿ ಮಾಡಿ ಕೊಡಿ, ಉಪ್ಪಿನಕಾಯಿ ಜೊತೆ. ಮತ್ತೆ ಪಾಳಿಗೆ ಹೋದ ದಿನ ನನಗೊಂದು ಸಾಲು ಬರೆಯಿರಿ.